ನಿವೇಶನದ ಅತಿಕ್ರಮಣ: ದಾವೆ ನಿಲ್ಲುವುದು ಯಾವಾಗ, ಬೀಳುವುದು ಯಾವಾಗ?

ಬೆಂಗಳೂರು: ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಒಂದು ಅಡಿ ನೆಲಕ್ಕೂ ಇಂದು ಚಿನ್ನದ ಬೆಲೆ. ನೆರೆಯವರು ಒಂದೂವರೆ ಅಡಿ ಈಚೆಗೆ ಸರಿಸಿ ಕಟ್ಟಿದ ಕಾಂಪೌಂಡ್ ಗೋಡೆ, ಖಾಲಿ ನಿವೇಶನದಲ್ಲಿ ರಾತ್ರೋರಾತ್ರಿ ತಲೆಯೆತ್ತಿದ ತಗಡಿನ ಶೆಡ್, ಪಕ್ಕದ ಮನೆಯ ಮೇಲೆ ಚಾಚಿಕೊಂಡ ಸಜ್ಜಾ ಇವೆಲ್ಲ ಮೊದಲು ಬೀದಿ ಜಗಳವಾಗಿ, ಅನಂತರ ಪೊಲೀಸ್ ದೂರಾಗಿ, ಕೊನೆಗೆ ಸಿವಿಲ್ ನ್ಯಾಯಾಲಯದ ದಾವೆಯಾಗಿ ಪರಿಣಮಿಸುತ್ತವೆ.

ಆದರೆ ನೆಲ ತನ್ನದೆಂಬ ನಂಬಿಕೆಯೂ ಅನ್ಯಾಯವಾಗಿದೆಯೆಂಬ ಸಂಕಟವೂ ಇದ್ದ ಮಾತ್ರಕ್ಕೆ ದಾವೆ ನಿಲ್ಲುವುದಿಲ್ಲ. ಸಾಕ್ಷಿ ವಿಚಾರಣೆಯ ಹಂತವನ್ನು ಮುಟ್ಟುವ ಮೊದಲೇ ವಾದಪತ್ರ ತಿರಸ್ಕೃತವಾಗುವ ಸಂದರ್ಭಗಳುಂಟು. ವರ್ಷಗಟ್ಟಲೆ ನಡೆದ ದಾವೆ, ಕೇಳಬೇಕಾದ ಪರಿಹಾರವನ್ನು ಕೇಳಲಿಲ್ಲವೆಂಬ ಒಂದೇ ಕಾರಣಕ್ಕೆ ವಜಾ ಆಗುವುದೂ ಉಂಟು. ಇವೆರಡಕ್ಕೂ ಮೂಲ ಸಾಮಾನ್ಯವಾಗಿ ಒಂದೇ. ಯಾವ ನೆಲಕ್ಕೆ, ಯಾರಿಂದ, ಎಂದು, ಯಾವ ಬಾಧೆ ಒದಗಿತು ಎಂಬುದನ್ನು ವಾದಪತ್ರ ಸ್ಪಷ್ಟವಾಗಿ ಹೇಳಿರುವುದಿಲ್ಲ.

ದಾವಾ ಕಾರಣ ಎಂದರೇನು?

ನ್ಯಾಯಾಲಯದ ಪರಿಹಾರ ಕೇಳಲು ವಾದಿಗೆ ಹಕ್ಕು ಒದಗಿಸುವ ಸಂಗತಿಗಳ ಸಮೂಹವೇ ‘ದಾವಾ ಕಾರಣ’. ವಾದಪತ್ರದಲ್ಲಿ ಈ ಸಂಗತಿಗಳನ್ನೂ, ಅವು ಉದ್ಭವಿಸಿದ ಕಾಲವನ್ನೂ ತಿಳಿಸಲೇಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 1ನೇ ನಿಯಮ ವಿಧಿಸುತ್ತದೆ. ಪ್ರತಿವಾದಿಯ ಯಾವುದಾದರೊಂದು ಕೃತ್ಯ ಈ ಸಂಗತಿಗಳಲ್ಲಿ ಸೇರಿರಬೇಕು, ಅದಿಲ್ಲದೆ ದಾವಾ ಕಾರಣ ಹುಟ್ಟದು ಎಂದು ಸುಪ್ರೀಂ ಕೋರ್ಟ್ 1989ರ ಎ.ಬಿ.ಸಿ. ಲ್ಯಾಮಿನಾರ್ಟ್ ಪ್ರಕರಣದಲ್ಲಿ ಹೇಳಿದೆ.

ವಾದಪತ್ರದಿಂದ ದಾವಾ ಕಾರಣ ಕಂಡುಬರದಿದ್ದರೆ ಅದನ್ನು ತಿರಸ್ಕರಿಸಬೇಕೆಂದು ಅದೇ ಆದೇಶದ 11ನೇ ನಿಯಮ ಹೇಳುತ್ತದೆ. ಈ ಪರೀಕ್ಷೆ ಸರಳ. ವಾದಪತ್ರದಲ್ಲಿರುವುದೆಲ್ಲ ಸತ್ಯವೆಂದು ಸದ್ಯಕ್ಕೆ ಒಪ್ಪಿಕೊಂಡರೆ, ವಾದಿ ಕೇಳಿದ ಪರಿಹಾರ ಕೊಡಲು ಆಧಾರ ಇದೆಯೇ? ಈ ಹಂತದಲ್ಲಿ ಪ್ರತಿವಾದಿಯ ಸಮರ್ಥನೆಯನ್ನು ನ್ಯಾಯಾಲಯ ನೋಡುವುದಿಲ್ಲ. ವಾದಪತ್ರವನ್ನೂ ಅದರೊಡನೆ ಸಲ್ಲಿಸಿದ ದಾಖಲೆಗಳನ್ನೂ ಮಾತ್ರ ಇಡಿಯಾಗಿ ಓದಲಾಗುತ್ತದೆ. ದಾವೆ ದುರ್ಬಲವಾಗಿದೆ ಎನ್ನುವುದು ತಿರಸ್ಕಾರಕ್ಕೆ ಕಾರಣವಲ್ಲ. ಸತ್ಯಾಸತ್ಯತೆಯ ನಿರ್ಣಯ ಸಾಕ್ಷ್ಯ ವಿಚಾರಣೆಗೆ ಬಿಟ್ಟದ್ದು. ಕೇಳಿದ ಹಲವು ಪರಿಹಾರಗಳಲ್ಲಿ ಒಂದಾದರೂ ನಿಲ್ಲುವಂತಿದ್ದರೆ ವಾದಪತ್ರವನ್ನು ಭಾಗಶಃ ತಿರಸ್ಕರಿಸುವಂತಿಲ್ಲವೆಂಬುದನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಈ ನಿಯಮದ ಬಗ್ಗೆ ದೇಶದ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುವ ತೀರ್ಪೊಂದರ ಮೂಲ ಬೆಂಗಳೂರಿನಲ್ಲೇ ಇದೆ ಎಂಬುದು ಗಮನಾರ್ಹ. ಕಟ್ಟಡ ತೆರವುಗೊಳಿಸುವ ಆದೇಶ ಹೈಕೋರ್ಟಿನವರೆಗೂ ಸ್ಥಿರಗೊಂಡ ಮೇಲೆ, ಅದನ್ನು ತಪ್ಪಿಸಿಕೊಳ್ಳಲು ನಗರದ ಮುನ್ಸಿಫ್ ನ್ಯಾಯಾಲಯದಲ್ಲಿ ಹೊಸದೊಂದು ದಾವೆ ಹೂಡಲಾಗಿತ್ತು. ಟಿ. ಅರಿವಂದಂದಂ ಪ್ರಕರಣವೆಂದೇ ಹೆಸರಾದ ಇದರಲ್ಲಿ 1977ರಲ್ಲಿ ತೀರ್ಪು ನೀಡಿದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಜಾಣ ಬರವಣಿಗೆಯಿಂದ ದಾವಾ ಕಾರಣದ ಭ್ರಮೆ ಹುಟ್ಟಿಸಿದ ದಾವೆಗಳನ್ನು ಮೊಳಕೆಯಲ್ಲೇ ಚಿವುಟಬೇಕೆಂದರು. ವಾದಪತ್ರವನ್ನು ಬರಿ ಅಕ್ಷರವಾಗಿ ಓದದೆ ಅರ್ಥವಾಗುವಂತೆ ಓದುವುದು ಕೆಳ ನ್ಯಾಯಾಲಯದ ಕರ್ತವ್ಯವೆಂದು ಅಂದಿನಿಂದ ಸ್ಥಿರಪಟ್ಟಿದೆ.

ಮೊದಲನೆಯದು ನೆಲದ ಗುರುತು

ದಕ್ಷಿಣ ಬೆಂಗಳೂರಿನ ದಾವೆಗಳಲ್ಲಿ ಹೆಚ್ಚು ಎಚ್ಚರ ಬೇಡುವ ಅಂಶ ಇದೇ. ಸ್ಥಿರಾಸ್ತಿಯ ದಾವೆಯಲ್ಲಿ ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರ, ಅಂದರೆ ಚಕ್ಕುಬಂದಿ ಅಥವಾ ಸರ್ವೆ ದಾಖಲೆಯ ಸಂಖ್ಯೆ ಇದ್ದಲ್ಲಿ ಅದು, ವಾದಪತ್ರದಲ್ಲಿ ಇರಬೇಕೆಂದು 7ನೇ ಆದೇಶದ 3ನೇ ನಿಯಮ ಹೇಳುತ್ತದೆ.

ಇಲ್ಲಿನ ಬಡಾವಣೆಗಳೆಲ್ಲ ಹಳೆಯ ಗ್ರಾಮಗಳ ಹೊಲ, ತೋಟ, ಕೆರೆಯಂಗಳಗಳ ನೆರೆಯಲ್ಲಿ ಬೆಳೆದವು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು, 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. 1976ರಲ್ಲಿ ಟ್ರಸ್ಟ್ ಬೋರ್ಡಿನ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂದಿತು. ಬಿ.ಟಿ.ಎಂ. ಎಂಬ ಹೆಸರಿನಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿವೆ. ಹೀಗಾಗಿ ಒಂದೇ ತುಂಡು ನೆಲಕ್ಕೆ ಗ್ರಾಮದ ಸರ್ವೆ ನಂಬರ್, ಖಾಸಗಿಯವರು ಹೊಲ ತುಂಡರಿಸಿ ಮಾರಿದಾಗ ಕೊಟ್ಟ ಕಂದಾಯ ನಿವೇಶನದ ಸಂಖ್ಯೆ, ಬಿಡಿಎ ನಕ್ಷೆಯ ನಿವೇಶನ ಸಂಖ್ಯೆ, ಪಾಲಿಕೆಯ ಸ್ವತ್ತಿನ ಸಂಖ್ಯೆ ಎಂಬ ನಾಲ್ಕು ಹೆಸರುಗಳು ಇರಬಲ್ಲವು. ವಾದಿ ಒಂದನ್ನು ಹಿಡಿದು, ಪ್ರತಿವಾದಿ ಇನ್ನೊಂದನ್ನು ಹಿಡಿದು, ತಂತಮ್ಮ ಕ್ರಯಪತ್ರ ತೋರಿಸುತ್ತಾರೆ. ಇಬ್ಬರ ಕಾಗದವೂ ನಿಜವಿರಬಹುದು, ನೆಲ ಮಾತ್ರ ಒಂದೇ.

ಆದ್ದರಿಂದ ಈ ಸಂಖ್ಯೆಗಳ ನಡುವಿನ ಕೊಂಡಿಯನ್ನು ವಾದಪತ್ರವೇ ವಿವರಿಸಬೇಕು. ಒತ್ತುವರಿ ಇಡೀ ನಿವೇಶನದ್ದಲ್ಲದೆ ಒಂದು ಅಂಚಿನದಾಗಿದ್ದರೆ ಎರಡು ಅನುಸೂಚಿಗಳು ಬೇಕಾಗುತ್ತವೆ. 30×40 ಅಡಿಯ ಇಡೀ ನಿವೇಶನ ಒಂದರಲ್ಲಿ, ಪೂರ್ವದ ಅಂಚಿನಲ್ಲಿ ಕಳೆದುಹೋದ ಒಂದೂವರೆ ಅಡಿ ಅಗಲದ ಪಟ್ಟಿ ಇನ್ನೊಂದರಲ್ಲಿ. ಅದರೊಡನೆ ಕೈನಕ್ಷೆಯೊಂದನ್ನು ಲಗತ್ತಿಸುವುದು ರೂಢಿ. ಪಟ್ಟಿಯ ಗುರುತಿಲ್ಲದೆ ಡಿಕ್ರಿ ದೊರೆತರೂ ಜಾರಿಯ ವೇಳೆ ಅಮೀನರಿಗೆ ಗೋಡೆಯನ್ನು ಎಲ್ಲಿ ಒಡೆಯಬೇಕೆಂದು ತಿಳಿಯದು.

ಸರ್ವೆ ಜಮೀನಾದರೆ ಭೂಮಾಪನ ಇಲಾಖೆಯಿಂದ ಹದ್ದುಬಸ್ತು ಮಾಡಿಸಿಕೊಂಡು ದಾವೆ ಹೂಡುವುದು ಕ್ಷೇಮ. 26ನೇ ಆದೇಶದ 9ನೇ ನಿಯಮದಂತೆ ನ್ಯಾಯಾಲಯ ಕಮಿಷನರನ್ನು ನೇಮಿಸಿ ಅಳತೆ ಮಾಡಿಸಬಲ್ಲದು ನಿಜ. ಆದರೆ ವಾದಿ ಹೇಳದೆ ಬಿಟ್ಟದ್ದನ್ನು ಹುಡುಕಿಕೊಡುವುದು ಕಮಿಷನರರ ಕೆಲಸವಲ್ಲ.

ಸ್ವಾಧೀನ ಯಾರದ್ದು?

ಅತಿಕ್ರಮಣವೆಂದರೆ ಮೂಲತಃ ಸ್ವಾಧೀನಕ್ಕೆ ಒದಗಿದ ಬಾಧೆ. ಆದ್ದರಿಂದ ಬಾಧೆಯ ದಿನ ನೆಲ ಯಾರ ಸ್ವಾಧೀನಾನುಭವದಲ್ಲಿತ್ತು ಎಂಬುದು ಎರಡನೆಯ ಪ್ರಶ್ನೆ.

ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ರಾಮೇಗೌಡ ಪ್ರಕರಣ ಇಲ್ಲಿ ದಾರಿದೀಪ. ಅಕ್ಕಪಕ್ಕದ ನೆಲದವರ ನಡುವಿನ ಆ ವ್ಯಾಜ್ಯದಲ್ಲಿ ವಾದಿಗೆ ತನ್ನ ಹಕ್ಕನ್ನು ಸಂಪೂರ್ಣವಾಗಿ ಸಾಬೀತುಪಡಿಸಲಾಗಲಿಲ್ಲ, ಸ್ವಾಧೀನವನ್ನು ಸಾಬೀತುಪಡಿಸಲಾಯಿತು. ಮೂವರು ನ್ಯಾಯಮೂರ್ತಿಗಳ ಪೀಠವು 2003ರ ಡಿಸೆಂಬರಿನಲ್ಲಿ, ನೆಲೆಗೊಂಡ ಸ್ವಾಧೀನದಲ್ಲಿರುವವನನ್ನು ನಿಜ ಮಾಲೀಕನೂ ಬಲಪ್ರಯೋಗದಿಂದ ಹೊರದೂಡುವಂತಿಲ್ಲ, ಕಾನೂನಿನ ಮಾರ್ಗವನ್ನೇ ಹಿಡಿಯಬೇಕು ಎಂದಿತು. ಆದರೆ ಆ ಸ್ವಾಧೀನ ಕದ್ದುಮುಚ್ಚಿ ನಿನ್ನೆ ಮೊನ್ನೆ ಹುಟ್ಟಿದ್ದಾಗಿರಬಾರದು. ರಾತ್ರಿ ಹಾಕಿದ ಶೆಡ್ಡಿಗೆ ಬೆಳಿಗ್ಗೆ ರಕ್ಷಣೆ ಕೇಳಲಾಗದು. ಕಾವಲುಗಾರ, ಮನೆಗೆಲಸದವರು, ಬಂಧುವೆಂದು ಇರಿಸಿಕೊಂಡವರು ಎಷ್ಟು ವರ್ಷ ಇದ್ದರೂ ಅದು ಮಾಲೀಕನ ಪರವಾದ ಸ್ವಾಧೀನವೇ.

ಖಾಲಿ ನಿವೇಶನದ ಮಾತು ಬೇರೆ. ಮಾಲೀಕರು ಅಮೆರಿಕದಲ್ಲೋ ದುಬೈಯಲ್ಲೋ ಇದ್ದು, ಜೆ.ಪಿ. ನಗರದ ನಿವೇಶನದಲ್ಲಿ ಹುಲ್ಲಷ್ಟೇ ಬೆಳೆದಿದ್ದರೆ ಸ್ವಾಧೀನವನ್ನು ತೋರಿಸುವುದು ಹೇಗೆ? ಖಾಲಿ ನೆಲದ ಸ್ವಾಧೀನ ಹಕ್ಕನ್ನು ಹಿಂಬಾಲಿಸುತ್ತದೆ ಎಂಬುದೇ ಉತ್ತರ. ಅಂಥ ದಾವೆಯಲ್ಲಿ ಹಕ್ಕು ಹೇಗೆ ಬಂತೆಂಬ ಸಂಗತಿಗಳನ್ನು ವಿವರವಾಗಿ ಹೇಳಲೇಬೇಕಾಗುತ್ತದೆ. ‘ವಾದಿಯು ಸ್ವಾಧೀನದಲ್ಲಿದ್ದಾನೆ’ ಎಂಬ ಒಂದು ಸಾಲು ಸಾಲದು.

ಖಾತೆ ಹಕ್ಕಲ್ಲ

ಹಕ್ಕಿನ ಮೂಲವನ್ನು ಹೇಳುವಾಗ ನಗರವಾಸಿಗಳು ಮೊದಲು ಮುಂದಿಡುವ ಕಾಗದ ಖಾತೆ. ಖಾತೆಯು ತೆರಿಗೆ ವಸೂಲಿಗಾಗಿ ಪಾಲಿಕೆ ಇಟ್ಟುಕೊಂಡ ದಾಖಲೆ. ಅದು ಸ್ವಾಧೀನಕ್ಕೆ ಪೂರಕ ಸಾಕ್ಷ್ಯವಾಗಬಹುದೇ ಹೊರತು ಮಾಲೀಕತ್ವವನ್ನು ಸೃಷ್ಟಿಸುವುದಿಲ್ಲ. 2024ರಲ್ಲಿ ಬೆಂಗಳೂರಿಗೆ ಇ-ಖಾತೆ ಬಂದಿದೆ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದಿವೆ. ಈ ತತ್ವ ಮಾತ್ರ ಬದಲಾಗಿಲ್ಲ.

ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ), ಕ್ರಯದ ಕರಾರು, ಉಯಿಲು ಈ ಮೂರನ್ನು ಕಟ್ಟಿಕೊಂಡು ನಿವೇಶನ ಕೊಳ್ಳುವ ಪದ್ಧತಿ ಒಂದು ಕಾಲಕ್ಕೆ ನಗರದ ಅಂಚಿನಲ್ಲಿ ಸರ್ವೇಸಾಮಾನ್ಯವಾಗಿತ್ತು. 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇವುಗಳಿಂದ ಹಕ್ಕು ವರ್ಗಾವಣೆಯಾಗದು, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಖಚಿತಪಡಿಸಿತು. ಜಿಪಿಎ ಮಾತ್ರ ಉಳ್ಳವರು ತಮ್ಮ ಸ್ವಾಧೀನದ ಆಧಾರದ ಮೇಲೆ ಮೂರನೆಯ ಅತಿಕ್ರಮಿಯ ವಿರುದ್ಧ ರಕ್ಷಣೆ ಕೇಳಬಹುದು. ಆದರೆ ‘ನಾನೇ ಮಾಲೀಕ’ ಎಂದು ಘೋಷಿಸಿರೆಂದು ಕೇಳಿದರೆ ಅವರ ಕಾಗದವೇ ಅಡ್ಡ ಬರುತ್ತದೆ.

ಬಿಡಿಎ ಸ್ವಾಧೀನಪಡಿಸಿಕೊಂಡ ಜಮೀನಿನಲ್ಲಿ ಕಂದಾಯ ನಿವೇಶನ ಕೊಂಡವರ ಸ್ಥಿತಿ ಇನ್ನೂ ಕಠಿಣ. ಬೆಂಗಳೂರಿನದೇ ಆದ ಬ್ರಿಜೇಶ್ ರೆಡ್ಡಿ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ಭೂಸ್ವಾಧೀನದ ಸಿಂಧುತ್ವವನ್ನು ಸಿವಿಲ್ ನ್ಯಾಯಾಲಯ ಪರಿಶೀಲಿಸುವಂತಿಲ್ಲವೆಂದು ತೀರ್ಪಿತ್ತಿತು. ನಿರ್ಬಂಧಕಾಜ್ಞೆ ಕೇಳುವ ನೆಪದಲ್ಲಿ ಭೂಸ್ವಾಧೀನವನ್ನು ಪ್ರಶ್ನಿಸುವ ದಾವೆ ನಿಲ್ಲದು. ಅದಕ್ಕೆ ಹೈಕೋರ್ಟಿನ ರಿಟ್ ಅರ್ಜಿಯೇ ಮಾರ್ಗ. ಕೆರೆಯ ನೆಲವಾದರಂತೂ ಕಾಗದಗಳು ಎಷ್ಟಿದ್ದರೂ ಆಸರೆಯಾಗವು. 2015ರ ಏಪ್ರಿಲಿನಲ್ಲಿ ಜೆ.ಪಿ. ನಗರದ ಸಾರಕ್ಕಿ ಕೆರೆಯ ಒತ್ತುವರಿ ತೆರವಾದಾಗ ಈ ಸತ್ಯ ಹಲವು ಕುಟುಂಬಗಳ ಕಣ್ಣೆದುರೇ ಕಟ್ಟಡಗಳ ರೂಪದಲ್ಲಿ ಉರುಳಿತು.

ಕೃತ್ಯ, ದಿನಾಂಕ, ವ್ಯಕ್ತಿ

‘ಪ್ರತಿವಾದಿಯು ಅತಿಕ್ರಮಿಸಲು ಯತ್ನಿಸುತ್ತಿದ್ದಾನೆ’ ಎಂಬ ವಾಕ್ಯ ಬಹುತೇಕ ವಾದಪತ್ರಗಳ ಸಿದ್ಧ ಅಚ್ಚು. ವಾದಪತ್ರದ ಕೊನೆಯಲ್ಲಿ ‘ದಾವಾ ಕಾರಣವು ಇಂಥ ದಿನ ಉದ್ಭವಿಸಿತು’ ಎಂಬ ಪ್ಯಾರಾವೂ ಇರುತ್ತದೆ. ಪ್ಯಾರಾ ಇದೆಯೆಂದು ದಾವಾ ಕಾರಣ ಇದ್ದಂತಾಗದು. ಆ ದಿನ ಏನು ನಡೆಯಿತು ಎಂಬುದು ವಾದಪತ್ರದ ಒಡಲಿನಲ್ಲಿ ಇರಬೇಕು. ಯಾರು ಬಂದರು, ಕಲ್ಲು ಕಂಬ ಕಿತ್ತರೋ, ಪಾಯ ತೋಡಿದರೋ, ಜಲ್ಲಿ ಸುರಿದರೋ, ವಾದಿ ತಡೆದಾಗ ಏನಾಯಿತು, ಪೊಲೀಸರಿಗೆ ದೂರು ಹೋಯಿತೇ ಎಂಬ ವಿವರಗಳೇ ಭಯಕ್ಕೆ ಆಧಾರ ಒದಗಿಸುತ್ತವೆ.

ಅತಿಕ್ರಮಣಕ್ಕೆ ನಷ್ಟ ಆಗಿರಲೇಬೇಕೆಂದಿಲ್ಲ. ಅನುಮತಿಯಿಲ್ಲದ ಪ್ರವೇಶವೇ ಸಿವಿಲ್ ಅಪಕೃತ್ಯ. ಮನುಷ್ಯ ಕಾಲಿಡಬೇಕೆಂದೂ ಇಲ್ಲ. ನೆರೆಯ ನೆಲದ ಮೇಲೆ ಚಾಚಿದ ಸಜ್ಜಾ, ಗೋಡೆಗೆ ತಾಗಿಸಿ ಸುರಿದ ಕಟ್ಟಡದ ಅವಶೇಷ ಸಹ ಈ ವ್ಯಾಪ್ತಿಗೆ ಬರಬಲ್ಲವು. ಆದರೆ ಮೇಲಿನ ಮನೆಯಿಂದ ಒಸರುವ ನೀರು, ಪಕ್ಕದ ಕಾರ್ಖಾನೆಯ ಸದ್ದು ‘ಉಪದ್ರವ’ದ ವರ್ಗಕ್ಕೆ ಸೇರಿದವು, ಅವುಗಳ ದಾವೆಯ ಹಾದಿ ಬೇರೆ. ಅವಧಿ ಮುಗಿದ ಮೇಲೂ ಮನೆ ಬಿಡದ ಬಾಡಿಗೆದಾರನನ್ನು ಅತಿಕ್ರಮಿಯೆಂದು ಕರೆದು ದಾವೆ ಹೂಡುವುದೂ ತಪ್ಪು ಹೆಜ್ಜೆ. ಅವನ ಪ್ರವೇಶ ಕಾನೂನುಬದ್ಧವಾಗಿತ್ತು, ತೆರವಿಗೆ ಪ್ರತ್ಯೇಕ ವಿಧಾನವಿದೆ.

ಯಾವ ಪರಿಹಾರ ಕೇಳಬೇಕು?

ಬಹಳಷ್ಟು ದಾವೆಗಳು ಎಡವುವ ಕಲ್ಲು ಇಲ್ಲಿದೆ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಆರ್.ವಿ. ರವೀಂದ್ರನ್ ಅವರು 2008ರ ಅನಾತುಲ ಸುಧಾಕರ್ ತೀರ್ಪಿನಲ್ಲಿ ಇದನ್ನು ತಿಳಿಯಾಗಿ ವಿಂಗಡಿಸಿದ್ದಾರೆ.

ಒಂದು: ವಾದಿ ಸ್ವಾಧೀನದಲ್ಲಿದ್ದು, ಹಕ್ಕಿನ ಬಗ್ಗೆ ಗಂಭೀರ ವಿವಾದವಿಲ್ಲದೆ, ಕೇವಲ ಅಡ್ಡಿ ಅಥವಾ ಬೆದರಿಕೆ ಇದ್ದರೆ ಶಾಶ್ವತ ನಿರ್ಬಂಧಕಾಜ್ಞೆಯ ದಾವೆ ಸಾಕು.

ಎರಡು: ಹಕ್ಕಿನ ಬಗ್ಗೆ ವಿವಾದವಿಲ್ಲ, ಆದರೆ ನೆಲ ಕೈಬಿಟ್ಟಿದೆ ಎಂದಾದರೆ ಸ್ವಾಧೀನವನ್ನು ಮರಳಿ ಕೊಡಿಸಬೇಕೆಂದು ಕೇಳಬೇಕು, ಅದರೊಡನೆ ನಿರ್ಬಂಧಕಾಜ್ಞೆಯನ್ನೂ ಕೋರಬೇಕು.

ಮೂರು: ಹಕ್ಕಿನ ಮೇಲೆಯೇ ಮೋಡ ಕವಿದಿದ್ದರೆ ಹಕ್ಕಿನ ಘೋಷಣೆಯನ್ನು ಕೇಳಬೇಕು. ಸ್ವಾಧೀನವೂ ಹೋಗಿದ್ದರೆ ಘೋಷಣೆ, ಸ್ವಾಧೀನ ಎರಡನ್ನೂ ಕೇಳಬೇಕು.

ನಿರ್ಬಂಧಕಾಜ್ಞೆಯ ದಾವೆಗೆ ನ್ಯಾಯಾಲಯ ಶುಲ್ಕ ಅಲ್ಪ, ಘೋಷಣೆ ಮತ್ತು ಸ್ವಾಧೀನದ ದಾವೆಗೆ ಸ್ವತ್ತಿನ ಮೌಲ್ಯದ ಮೇಲೆ ಶುಲ್ಕ. ಜಯನಗರದ ಒಂದು ನಿವೇಶನದ ಮೌಲ್ಯ ನೆನೆದರೆ ಶುಲ್ಕ ಉಳಿಸುವ ಆಸೆ ಸಹಜ. ಆದರೆ ಗೋಡೆ ಎದ್ದು ನಿಂತ ಮೇಲೂ ‘ಅಡ್ಡಿಪಡಿಸದಂತೆ ತಡೆಯಿರಿ’ ಎಂದಷ್ಟೇ ಕೇಳುವ ದಾವೆಗೆ ಫಲವಿಲ್ಲ. ಆಗಿಹೋದದ್ದನ್ನು ತಡೆಯಲಾಗದು, ತೆಗೆಸಬೇಕಷ್ಟೆ. ಶುಲ್ಕ ಉಳಿಸಲು ಹೋಗಿ ನೆಲವನ್ನೇ ಕಳೆದುಕೊಂಡಂತಾಗುತ್ತದೆ. ದಾವೆ ನಡೆಯುತ್ತಿರುವಾಗ ಪರಿಸ್ಥಿತಿ ಬದಲಾದರೆ ತಡಮಾಡದೆ ವಾದಪತ್ರದ ತಿದ್ದುಪಡಿಗೆ ಅರ್ಜಿ ಹಾಕಬೇಕು.

ಕಾಲಮಿತಿಯ ಗಡಿಯಾರ

1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ, ಒಪ್ಪಿಗೆಯಿಲ್ಲದೆ, ಕಾನೂನುಕ್ರಮವಿಲ್ಲದೆ ಹೊರದೂಡಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿದರೆ ಹಕ್ಕಿನ ಪ್ರಶ್ನೆಯನ್ನೇ ಎತ್ತದೆ ಸ್ವಾಧೀನ ಮರಳಿ ಪಡೆಯಬಹುದು. ಸರ್ಕಾರದ ವಿರುದ್ಧ ಈ ಅವಕಾಶವಿಲ್ಲ.

ಆರು ತಿಂಗಳು ಮೀರಿದರೆ ಅದೇ ವರ್ಷದ ಕಾಲಮಿತಿ ಕಾಯ್ದೆಯ ಲೆಕ್ಕ ಅನ್ವಯಿಸುತ್ತದೆ. ಹಿಂದಿನ ಸ್ವಾಧೀನದ ಆಧಾರದ ದಾವೆಗೆ, ಹೊರದೂಡಲ್ಪಟ್ಟ ದಿನದಿಂದ 12 ವರ್ಷ. ಹಕ್ಕಿನ ಆಧಾರದ ದಾವೆಗೆ, ಎದುರಾಳಿಯ ಸ್ವಾಧೀನ ಪ್ರತಿಕೂಲವಾದ ದಿನದಿಂದ 12 ವರ್ಷ. ಅತಿಕ್ರಮಣದ ನಷ್ಟ ಪರಿಹಾರಕ್ಕೆ 3 ವರ್ಷ. ಹನ್ನೆರಡು ವರ್ಷ ಸುಮ್ಮನಿದ್ದರೆ ಅತಿಕ್ರಮಿಯೇ ಹಕ್ಕು ಪಡೆಯುವ ಅಪಾಯ ಬರಿಯ ಮಾತಲ್ಲ. ಪ್ರತಿಕೂಲ ಸ್ವಾಧೀನದಿಂದ ಹಕ್ಕು ಪಡೆದವನು ಗುರಾಣಿಯಾಗಿ ಮಾತ್ರವಲ್ಲ, ವಾದಿಯಾಗಿಯೂ ಅದನ್ನು ಬಳಸಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ವಾದಪತ್ರದ ದಿನಾಂಕಗಳಿಂದಲೇ ಕಾಲ ಮೀರಿದೆಯೆಂದು ಕಂಡುಬಂದರೆ 11ನೇ ನಿಯಮದಂತೆ ತಿರಸ್ಕಾರಕ್ಕೆ ಅದೂ ಒಂದು ಕಾರಣ. ಹಳೆಯ ಘಟನೆಗೆ ಹೊಸ ದಿನಾಂಕದ ಮುಸುಕು ಹಾಕುವ ಜಾಣತನವನ್ನು 2020ರ ದಹಿಬೆನ್ ತೀರ್ಪು ಖಂಡಿಸಿದೆ.

ಎದುರಾಳಿ ಸರ್ಕಾರವಾದರೆ ದಾವೆಗೆ ಮೊದಲು ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸು ಕೊಡಬೇಕು. ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆಯೇ ದಾವೆ ಹೂಡಬಹುದು. ಬಿಡಿಎಯಂಥ ಸಂಸ್ಥೆಗಳಿಗೂ ಅವುಗಳದೇ ಕಾಯ್ದೆಗಳಲ್ಲಿ ಪೂರ್ವ ನೋಟಿಸಿನ ನಿಯಮಗಳಿವೆ.

ಪೊಲೀಸ್ ಠಾಣೆ ಪರ್ಯಾಯವಲ್ಲ

ಅಪರಾಧಿಕ ಅತಿಕ್ರಮಣಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ಅನ್ವಯಿಸುತ್ತದೆ. ಅದಕ್ಕೆ ಅಪರಾಧವೆಸಗುವ, ಬೆದರಿಸುವ ಅಥವಾ ಅವಮಾನಿಸುವಂಥ ದುರುದ್ದೇಶ ಇರಬೇಕು. ಗಡಿಯ ಅಳತೆಯನ್ನು ಠಾಣೆಯಲ್ಲಿ ತೀರ್ಮಾನಿಸಲಾಗದು. 2011ರ ಕರ್ನಾಟಕ ಭೂಕಬಳಿಕೆ ನಿಷೇಧ ಕಾಯ್ದೆಯ ವಿಶೇಷ ನ್ಯಾಯಾಲಯವು ಸರ್ಕಾರ, ಸ್ಥಳೀಯ ಸಂಸ್ಥೆ, ವಕ್ಫ್, ಧಾರ್ಮಿಕ ದತ್ತಿಗಳಂಥವುಗಳ ಭೂಮಿಗೆ ಸಂಬಂಧಿಸಿದ್ದು. ಇಬ್ಬರು ಖಾಸಗಿಯವರ ನಡುವಿನ ಗೋಡೆಯ ತಂಟೆಗೆ ಸಿವಿಲ್ ನ್ಯಾಯಾಲಯವೇ ಗತಿ.

ವಾದಪತ್ರ ತಿರಸ್ಕೃತವಾದರೆ ಬಾಗಿಲು ಪೂರ್ಣ ಮುಚ್ಚಿತೆಂದಲ್ಲ. ಆ ಆದೇಶ ಡಿಕ್ರಿಗೆ ಸಮವಾದ್ದರಿಂದ ಮೇಲ್ಮನವಿ ಉಂಟು. ಕಾಲಮಿತಿ ಉಳಿದಿದ್ದರೆ ಅದೇ ದಾವಾ ಕಾರಣದ ಮೇಲೆ ಹೊಸ ವಾದಪತ್ರ ಸಲ್ಲಿಸಲು 13ನೇ ನಿಯಮ ಅವಕಾಶ ನೀಡುತ್ತದೆ. ಆದರೆ ಅಷ್ಟರಲ್ಲಿ ಎದುರಿನ ನಿವೇಶನದಲ್ಲಿ ಎರಡು ಅಂತಸ್ತು ಎದ್ದಿರುತ್ತದೆ, ತಾತ್ಕಾಲಿಕ ತಡೆಯಾಜ್ಞೆ ದೊರೆಯಬಹುದಾಗಿದ್ದ ದಿನಗಳು ಕಳೆದಿರುತ್ತವೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹುಟ್ಟಿದ್ದು ಇಂಥ ವಿಳಂಬಗಳಿಂದಲೇ.

ನಿವೇಶನ ಉಳ್ಳವರು ವಕೀಲರ ಕಚೇರಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕಾದದ್ದು ಇಷ್ಟು: ನೆಲದ ಎಲ್ಲ ಸಂಖ್ಯೆಗಳು ಮತ್ತು ಚಕ್ಕುಬಂದಿ, ಹಕ್ಕು ಬಂದ ಬಗೆ, ಬಾಧೆಯ ದಿನದವರೆಗಿನ ಸ್ವಾಧೀನದ ವಿವರ, ಯಾರು ಎಂದು ಏನು ಮಾಡಿದರೆಂಬುದು, ಈಗ ಆ ನೆಲ ಯಾರ ಕೈಯಲ್ಲಿದೆಯೆಂಬುದು. ಈ ಹಾಳೆಯಲ್ಲಿ ಖಾಲಿ ಉಳಿದ ಜಾಗ ವಾದಪತ್ರದಲ್ಲೂ ಖಾಲಿಯಾಗಿಯೇ ಉಳಿಯುತ್ತದೆ. ಎದುರು ಪಕ್ಷದ ವಕೀಲರು ಮೊದಲು ಬೆರಳಿಡುವುದೂ ಅಲ್ಲಿಗೇ.